ಡಿಕ್ಕಿ ಶಾಸನಗಳ ಉತ್ಪಾಟನ ಮೀಮಾಂಸೆ

ಕನ್ನಡ ಶಾಸನಗಳ ಕಥೆ ಹಲ್ಮಿಡಿಯಿಂದ, ಅಂದರೆ ಸುಮಾರು ಕ್ರಿ.ಶ. 450ರಿಂದ ಶುರುವಾಗುತ್ತದೆ ಎಂಬ ವಾಡಿಕೆಯ ಮಾತಿಗೆ ನಮ್ಮ ತಕರಾರಿಲ್ಲ. ಅದು ಎಲ್ಲಿಗೆ ಬಂದು ಮುಟ್ಟಿದೆ ಎಂಬುದನ್ನು ಮಾತ್ರ ವಿದ್ವಾಂಸರು ಕಡೆಗಣಿಸಿದ್ದಾರೆ. ರೈಸ್ ಸಾಹೇಬರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಯಾವ ಸಂಪುಟದಲ್ಲೂ ಕಾರಿನ ಡಿಕ್ಕಿಗೆ ಡೀಲರು ಅಂಟಿಸಿದ ಬರಹ ಸೇರಿಲ್ಲ. ಆ ಕೊರತೆಯನ್ನು ತುಂಬುವುದು ಈ ಪ್ರಬಂಧದ ಉದ್ದೇಶ. ತುಂಬಿದ್ದನ್ನು ಕಿತ್ತು ಹಾಕುವುದು ಉಪೋದ್ದೇಶ.

ಡಿಕ್ಕಿ ಶಾಸನದ ಪಾಠ ಚಿಕ್ಕದು: ಶೋರೂಮಿನ ಹೆಸರು, ಊರು, ಫೋನ್ ನಂಬರು. ಹಿಂದಿನ ದಾನಶಾಸನಗಳಲ್ಲಿ ಕೊಟ್ಟವನ ಹೆಸರು ಕೆತ್ತುತ್ತಿದ್ದರು. ಇಲ್ಲಿರುವುದು ದುಡ್ಡು ಇಸಕೊಂಡವನ ಹೆಸರು. ಕೊಟ್ಟವನ ಹೆಸರು ನೋಡಬೇಕಾದರೆ ಬ್ಯಾಂಕಿನ ಸಾಲಪತ್ರವನ್ನೇ ತೆರೆಯಬೇಕು. ದತ್ತಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಬೀಳುತ್ತಾನೆಂಬ ಶಾಪಾಶಯವೂ ಇಲ್ಲಿ ಕಾಣದು. ಅವಸರದಲ್ಲಿ ಕಿತ್ತವನಿಗೆ ಪೇಂಟಿಂಗ್ ಶೆಡ್ಡಿನ ಬಿಲ್ಲು ಈ ಜನ್ಮದಲ್ಲೇ ಬರುವುದರಿಂದ ಅದರ ಅಗತ್ಯ ಬಿದ್ದಿಲ್ಲ.

ಏಕೆಂದರೆ ಬಣ್ಣದ ಮೇಲೆ ಹೊಳೆಯುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40–50 ಮೈಕ್ರಾನ್, ಹೆಚ್ಚೆಂದರೆ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು. ಇದನ್ನರಿಯದ ಪೂರ್ವಪಕ್ಷಗಳು ಎರಡು. ಬ್ಲೇಡು ಪಂಥದವರ ಮಾತು ಗಾಜಿಗೆ ಮಾತ್ರ ಸಲ್ಲುತ್ತದೆ, ಅದೂ ಹೊರಮೈಗೆ, ಸೋಪಿನ ನೀರು ಹಚ್ಚಿ. ಹಿಂಗಾಜಿನ ಒಳಮೈಯಲ್ಲಿ ಹೆರೆದರೆ ಡಿಫಾಗರ್ ಗೆರೆಗಳು ತುಂಡಾಗುತ್ತವೆ. ಥಿನ್ನರ್ ಪಂಥದವರು ಹೆಚ್ಚು ಅಪಾಯಕಾರಿ. ಒಮ್ಮೆ ರೀಪೇಂಟ್ ಆದ ಡಿಕ್ಕಿಯ ಮೇಲೆ ಅವರ ಮತ ಪ್ರಯೋಗಿಸಿದರೆ ಸ್ಟಿಕ್ಕರಿನ ಜೊತೆ ಬಣ್ಣಕ್ಕೂ ಮೋಕ್ಷ.

ಸಿದ್ಧಾಂತವು ಹೇರ್ ಡ್ರೈಯರ್. ಮೊದಲು ಕಾರು ತೊಳೆಯಬೇಕು. ಕೂತ ಮರಳು ಉಜ್ಜಿದಷ್ಟೂ ಗೀರುತ್ತದೆ. ಬಿಸಿಗಾಳಿಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ, ಕೈಗೆ ತಡೆಯುವಷ್ಟು ಬೆಚ್ಚಗಾದ ಮೇಲೆ ಸ್ಟಿಕ್ಕರಿನ ಮೂಲೆಯನ್ನು ಉಗುರಿನಿಂದೆತ್ತಿ, ಹಿಂದಕ್ಕೆ ಮಡಿಚಿ, ನಿಧಾನವಾಗಿ ಎಳೆಯಬೇಕು. ಉಬ್ಬಕ್ಷರದ ಬ್ಯಾಡ್ಜಾದರೆ ಅದರ ಬೆನ್ನಿಗೆ ಫೋಮ್ ಟೇಪಿರುತ್ತದೆ. ಮೀನಿನ ಗಾಳದ ನೈಲಾನ್ ದಾರವನ್ನು ಹಿಂದೆ ತೂರಿಸಿ ಗರಗಸದಂತೆ ಎಳೆದಾಡಿದರೆ ಕಳಚುತ್ತದೆ. ಕಳಚದೇ ಹೋದರೆ ಹಟ ಬೇಡ. ಕಂಪನಿಯ ಕೆಲವು ಬ್ಯಾಡ್ಜುಗಳಿಗೆ ತಗಡಿನ ತೂತಿಗೆ ಸೇರುವ ಪಿನ್ನುಗಳಿವೆ. ಕಿತ್ತರೆ ತೂತು ಉಳಿಯುತ್ತದೆ, ತೂತಿಗೆ ಮಳೆನೀರು ಬರುತ್ತದೆ. ಉಳಿದ ಅಂಟನ್ನು ಹೆಬ್ಬೆರಳಲ್ಲಿ ಉರುಳಿಸಿ ತೆಗೆದು, ಜಿಡ್ಡಿಗೆ ಬಟ್ಟೆಯಲ್ಲಿ ಸ್ವಲ್ಪವೇ ಸೀಮೆಎಣ್ಣೆ ಸವರಿ, ಶಾಂಪೂವಿನಿಂದ ತೊಳೆಯುವುದು. ಸೀಮೆಎಣ್ಣೆಯ ಪರೀಕ್ಷೆ ಮೊದಲು ಬಾಗಿಲಿನ ಒಳಅಂಚಿನಲ್ಲಾಗಲಿ.

ಮುಂಗಾಜಿನ ಒಳಗಿರುವ, ನಂಬರ್ ಪ್ಲೇಟಿನ ಜೊತೆ ಬರುವ ಹಾಲೋಗ್ರಾಂ ಸ್ಟಿಕ್ಕರು ಮಾತ್ರ ರಾಜಶಾಸನ. ಕೈಹಾಕತಕ್ಕದ್ದಲ್ಲ.

ಇನ್ನು ಜಿಜ್ಞಾಸೆಯ ವಿಷಯ. ಹಳೆಯ ಕಾರಿನಲ್ಲಿ ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿ, ಅಕ್ಷರದಡಿಯ ಬಣ್ಣ ಹಾಗೇ ಉಳಿದಿರುತ್ತದೆ. ಶಾಸನ ಹೋದರೂ ಪಾಠ ಹೋಗುವುದಿಲ್ಲ. ಪೇಂಟು ತಾನೇ ಪಡಿಯಚ್ಚು ತೆಗೆದಿಟ್ಟುಕೊಂಡಿದೆ. ಪಾಲಿಶ್ ಹಾಕಿದರೆ ಒಂದಿಷ್ಟು ಮಸುಕಾದೀತು. ಬಹುಪಾಲು ಮಾಲೀಕರು ಅಷ್ಟು ಕಾಯದೆ, ಅದೇ ಜಾಗಕ್ಕೆ ಇನ್ನೂ ಅಗಲವಾದ ‘ಅಪ್ಪ ಅಮ್ಮನ ಆಶೀರ್ವಾದ’ ಅಂಟಿಸಿಬಿಡುತ್ತಾರೆ. ಅದನ್ನು ಕೀಳುವ ಅಧಿಕಾರ ಈ ಶಾಸ್ತ್ರಕ್ಕಿಲ್ಲ; ಅಪ್ಪ ಅಮ್ಮ ಹಿಂದಿನ ಸೀಟಿನಲ್ಲೇ ಕೂತಿರುತ್ತಾರೆ.