ಗೇರೂ ಅದೇ, ಕಿಕ್ಕೂ ಅದೇ

ಯೆಜ್ಡಿ ಬೈಕುಗಳ ತವರಾದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಸುದ್ದಿ ಯೆಜ್ಡಿ ಭಕ್ತರಿಗೆ ಇನ್ನೂ ತಲುಪಿದಂತಿಲ್ಲ. ಪ್ರತಿ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಗಾಡಿ ಹೊರಡಿಸಿ ಊರಿಗೆಲ್ಲ ಹೊಗೆ ಹಾಕುತ್ತಾರೆ. ಅವರು ಹಾದುಹೋದ ಬೀದಿಯಲ್ಲಿ ಅಂದು ಸೊಳ್ಳೆಬತ್ತಿಯ ಖರ್ಚಿಲ್ಲ.

ಗಾಡಿಯೇ ವಿಚಿತ್ರ. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಎರಡಿದ್ದೂ ಸದ್ದು ಅಡಗಿಲ್ಲ. ಗೇರ್ ಹಾಕುವ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಕಳ್ಳನೊಬ್ಬ ಕಿಕ್ಕರ್ ಹುಡುಕುತ್ತಾ ಕೂತರೆ ಬೆಳಗಾದೀತು. ಪೆಟ್ರೋಲಿಗೆ ಆಯಿಲ್ ಬೆರೆಸುವ ಹದವೋ, ಮನೆಯಲ್ಲಿ ಸಾರಿಗೆ ಉಪ್ಪು ಎಷ್ಟೆಂದು ತಿಳಿಯದವರಿಗೂ ಬಾಯಿಪಾಠ.

ಮೆಕ್ಯಾನಿಕ್ ಅಣ್ಣ ಗಾಡಿ ನೋಡುವುದಿಲ್ಲ, ಕೇಳಿಸಿಕೊಳ್ಳುತ್ತಾನೆ. "ಪಾಯಿಂಟ್ ಗ್ಯಾಪ್ ತಪ್ಪಿದೆ ಸಾರ್."
"ಯಾವಾಗ ಕೊಡ್ತೀರಣ್ಣ?"
"ಶನಿವಾರ ಬನ್ನಿ."
ಯಾವ ಶನಿವಾರ ಎಂದು ಕೇಳುವವನು ಹೊಸಬ. ಅಷ್ಟರಲ್ಲಿ ಅಣ್ಣ ಬೆಂಗಳೂರಿನ ಜೆ.ಸಿ. ರಸ್ತೆಯನ್ನೆಲ್ಲ ಜಾಲಾಡಿ ಒಂದು ಹಳೇ ಕಾರ್ಬುರೇಟರ್ ಹಿಡಿದು ತಂದಿರುತ್ತಾನೆ, ಮಗಳಿಗೆ ವರ ಸಿಕ್ಕಷ್ಟು ಸಂಭ್ರಮದಲ್ಲಿ.

ಇನ್ನೊಂದು ಜಾತಿ ಬುಲೆಟ್ಟಿನವರದು. ಇದ್ದುದನ್ನು ಉಳಿಸುವುದಲ್ಲ, ಬದಲಿಸುವುದೇ ಇವರ ವ್ರತ. ಹ್ಯಾಂಡಲ್ ಎತ್ತರ, ಸೀಟು ತಗ್ಗು, ಮಡ್‌ಗಾರ್ಡ್ ಮಾಯ. ಮಳೆ ಬಂದಾಗ ಕೆಸರು ನೇರ ಬೆನ್ನಿಗೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಮಾರ್ಪಾಡಿಗೆ ಅಡ್ಡ ಬರುತ್ತದೆ, ಪೊಲೀಸರು ಕೂಡ. ಹಿಡಿದ ಪೇದೆ ದಂಡದ ಚೀಟಿ ಹರಿದುಕೊಟ್ಟು ಮೆಲ್ಲಗೆ ಕೇಳುತ್ತಾರೆ: "ಈ ಸೈಲೆನ್ಸರ್ ಎಲ್ಲಿ ಹಾಕಿಸಿದ್ರಿ?"