ಯಾರೂ ಇಲ್ಲದ ಕಡೆಗೆ ನಮ್ಮ ಷಡ್ಡಕರು

ನಮ್ಮ ಷಡ್ಡಕರು ಯಾವುದಾದರೂ ಊರಿಗೆ ಹೋಗಿ ಬಂದರೆ 'ಊರು ಹೇಗಿತ್ತು' ಎಂದು ಕೇಳಬಾರದು. 'ಊರು ಇತ್ತೇ?' ಎಂದು ಕೇಳಬೇಕು. "ಏನೂ ಉಳಿದಿಲ್ಲ ಭಾವ, ನಾಲ್ಕು ಗೋಡೆ ಅಷ್ಟೇ, ಅದರಲ್ಲೂ ಎರಡು ಬಿದ್ದಿವೆ" ಎನ್ನುವಾಗ ಅವರ ಮುಖದ ಮೇಲೆ ಒಂದು ಕಳೆ ಬರುತ್ತದೆ ನೋಡಿ, ತಿರುಪತಿಯಲ್ಲಿ ಅರ್ಧ ಗಂಟೆಗೆ ದರ್ಶನವಾದವರ ಮುಖದಲ್ಲಿ ಮಾತ್ರ ನಾನದನ್ನು ಕಂಡಿದ್ದೇನೆ.

ಹೊಟ್ಟೆಪಾಡಿಗೆ ಅವರು ಬ್ಯಾಂಕಿನವರು. ಬೆಳಗ್ಗೆ ಹತ್ತಕ್ಕೆ ಬಾಗಿಲು ತೆಗೆದರೆ ಸಾಕು, ಪಾಸ್‌ಬುಕ್ ಹಿಡಿದ ಕೈಗಳು ಗಾಜಿನ ಕಿಂಡಿಯೊಳಗೆ ನುಗ್ಗುತ್ತವೆ. "ಸಾರ್, ಸರ್ವರ್ ಬಂತಾ?" ಎಂಬ ಪ್ರಶ್ನೆಗೆ ದಿನಕ್ಕೆ ನೂರು ಸಲ ಉತ್ತರ ಹೇಳಬೇಕು. ವಾರವೆಲ್ಲ ಮನುಷ್ಯರ ಮುಖ ನೋಡಿದವನಿಗೆ ಭಾನುವಾರ ಗೋಡೆ ನೋಡೋಣ ಅನ್ನಿಸಿದರೆ ತಪ್ಪೇನಿಲ್ಲ. ಆದರೆ ಇವರಿಗೆ ಯಾವುದೋ ಒಂದು ಗೋಡೆ ಆಗದು. ಗಾರೆ ಉದುರಿರಬೇಕು, ಸಂದಿಯಲ್ಲಿ ಅರಳಿ ಗಿಡ ಹುಟ್ಟಿರಬೇಕು, ಕಿಟಕಿಗೆ ಬಾಗಿಲಿರಬಾರದು. ಹೋದ ವರ್ಷ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಎಲ್ಲರೂ ಇಟಾಲಿಯನ್ ಮಾರ್ಬಲ್ ಸವರಿ ಸವರಿ ನೋಡುತ್ತಿದ್ದಾಗ ಇವರು ನನ್ನ ಕಿವಿಯಲ್ಲಿ, "ಇದು ಒಂದು ಹದಕ್ಕೆ ಬರಬೇಕಾದರೆ ಇನ್ನೂ ಅರವತ್ತು ವರ್ಷ ಬೇಕು ಭಾವ" ಎಂದರು. ನಮ್ಮ ಅತ್ತೆಯವರ ಮನೆಯ ಕಾಂಪೌಂಡಿಗೆ ಪಾಚಿ ಕಟ್ಟಿತ್ತು. ಗೌರಿ ಹಬ್ಬಕ್ಕೆ ಸುಣ್ಣ ಬಳಿಸಲು ಆಳು ಕರೆಸಿದರೆ, ಈ ಅಳಿಯಂದಿರು ಬಕೆಟ್ಟಿಗೆ ಅಡ್ಡ ನಿಂತು, "ಅತ್ತೆ, ಇನ್ನೊಂದೇ ಒಂದು ಮಳೆಗಾಲ ಬಿಡಿ" ಎಂದು ಬೇಡಿಕೊಂಡರಂತೆ. ಅತ್ತೆ ಬಿಡಲಿಲ್ಲ. ಸುಣ್ಣ ಹೊಡೆಸಿ, ಕೆಳಗೆ ಕೆಮ್ಮಣ್ಣಿನ ಪಟ್ಟಿಯನ್ನೂ ಎಳೆಸಿದರು.

ಹೆಗಲಿಗೆ ಒಂದು ಚೀಲ. ಅದರಲ್ಲಿ ಕ್ಯಾಮರಾ, ಮೂರು ಲೆನ್ಸು, ಟ್ರೈಪಾಡು, ಟಾರ್ಚು, ಬ್ಯಾಂಡೇಜು, ಮತ್ತು ಮಗಳು ಆಡಿ ಬಿಸಾಕಿದ ಒಕ್ಕಣ್ಣಿನ ಬೊಂಬೆ. ಬೊಂಬೆ ಯಾಕೆ ಅಂದರೆ, ಪಾಳುಮನೆಯಲ್ಲಿ ಒಮ್ಮೊಮ್ಮೆ ಪಾಳು ಸಾಲುವುದಿಲ್ಲ. ಆಗ ಹೊಸ್ತಿಲ ಮೇಲೆ ಬೊಂಬೆಯನ್ನು ಓರೆಯಾಗಿ ಕೂರಿಸಿದರೆ ನೋಡುವವರ ಕರುಳು ಚುರ್ ಅನ್ನುತ್ತದಂತೆ. ಈ ಬಳಗದವರಿಗೆಲ್ಲ ಒಂದು ಗಾಯತ್ರಿ ಮಂತ್ರವಿದೆ: ಫೋಟೋ ಬಿಟ್ಟು ಬೇರೇನನ್ನೂ ತರಬಾರದು, ಹೆಜ್ಜೆಗುರುತು ಬಿಟ್ಟು ಬೇರೇನನ್ನೂ ಬಿಟ್ಟು ಬರಬಾರದು. ಷಡ್ಡಕರು ಕಾರು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ನಮ್ಮಿಂದ ಇದನ್ನು ಹೇಳಿಸುತ್ತಾರೆ.

ಅವರ ಕಾಶಿ ಇರುವುದು ಉಕ್ರೇನಿನಲ್ಲಿ. ಚೆರ್ನೋಬಿಲ್ ಪಕ್ಕದ ಪ್ರಿಪ್ಯಾಟ್ ಎಂಬ ಪಟ್ಟಣ. 1986ರ ಏಪ್ರಿಲ್ 27ರಂದು ಮೂರು ದಿನದ ಮಟ್ಟಿಗೆ ಎಂದು ಹೇಳಿ ಜನರನ್ನು ಬಸ್ಸು ಹತ್ತಿಸಿದರು. ಹೋದವರು ಮತ್ತೆ ಅಲ್ಲಿಗೆ ಸಂಸಾರ ಹೂಡಲು ಬರಲಿಲ್ಲ. ಮೇ 1ಕ್ಕೆ ಶುರುವಾಗಬೇಕಿದ್ದ ರಾಟೆತೊಟ್ಟಿಲು ಇವತ್ತಿಗೂ ಹಾಗೇ ನಿಂತಿದೆ. ಷಡ್ಡಕರ ಮೊಬೈಲ್ ಪರದೆಯ ಮೇಲೆ ಇರುವುದು ಆ ತೊಟ್ಟಿಲು. ಕಂಪ್ಯೂಟರಿನ ಮೇಲೆ ಜಪಾನಿನ ಹಾಶಿಮಾ ದ್ವೀಪ. 1974ರಲ್ಲಿ ಕಲ್ಲಿದ್ದಲ ಗಣಿ ಮುಚ್ಚಿತು, ಸಮುದ್ರದ ನಡುವೆ ಬಹುಮಹಡಿ ಕಟ್ಟಡಗಳು ಬರಿದಾಗಿ ಉಳಿದವು. ನಾದಿನಿಯ ಫೋಟೋ ಎಲ್ಲಿದೆ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಆಗಿಲ್ಲ.

ಅಷ್ಟು ದೂರ ಹೋಗಲು ರಜೆಯಿಲ್ಲ, ದುಡ್ಡಿಲ್ಲ. ಹಾಗಾಗಿ ಕೋಲಾರದ ಚಿನ್ನದ ಗಣಿ. ಕಾರು ನನ್ನದಾದ್ದರಿಂದ ನಾನೂ. ದಾರಿಯುದ್ದಕ್ಕೂ ಪಾಠ: 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು, ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬರುವ ಮೂರು ವರ್ಷ ಮೊದಲೇ, 1902ರಲ್ಲಿ, ಶಿವನಸಮುದ್ರದ ಕರೆಂಟು ಈ ಗಣಿಗೆ ಹರಿದದ್ದು. "2001ರ ಫೆಬ್ರುವರಿ 28, ಬಾಗಿಲು ಬಂದ್! ಈಗ ಅದು ದೆವ್ವದ ಊರು ಭಾವ." ಹೋಗಿ ನೋಡಿದರೆ ಮಾತು ನಿಜ ಅನ್ನಿಸಿತು. ಬೆಳಗ್ಗೆ ಹನ್ನೊಂದು ಗಂಟೆ. ತುಕ್ಕು ಹಿಡಿದ ಶಾಫ್ಟಿನ ಗೋಪುರ, ಸೈನೈಡ್ ಮಣ್ಣಿನ ಗುಡ್ಡ, ಕಾರ್ಮಿಕರ ಲೈನ್‌ಮನೆಗಳ ಸಾಲು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಷಡ್ಡಕರು ಮಂಡಿಯೂರಿದರು. ಚೀಲದಿಂದ ಬೊಂಬೆ ಹೊರಬಂತು.

ಹಿಂದಿನ ಬಾಗಿಲಿನಿಂದ ಅಜ್ಜಿಯೊಬ್ಬಳು ಇಣುಕಿ, "ಏನ್ ಸಾರ್, ಶೂಟಿಂಗಾ?" ಎಂದಳು.

"ಅಲ್ಲಮ್ಮ. ಇಲ್ಲಿ ಯಾರೂ ಇಲ್ವಾ?"

"ಎಲ್ಲಾ ಇದಾರಲ್ಲ. ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗವ್ರೆ. ರಾತ್ರಿ ಬರ್ತಾರೆ. ನೀವು ಎಲ್ಲಿಂದ ಸಾರ್ ಬಂದ್ರಿ?"

"ಬೆಂಗಳೂರಿಂದ."

"ಸರಿ ಹೋಯ್ತು" ಎಂದಳು ಅಜ್ಜಿ. "ಅವ್ರು ಅಲ್ಲಿಗೆ, ನೀವು ಇಲ್ಲಿಗೆ. ಬನ್ನಿ, ಟೀ ಕುಡೀರಿ. ಮಗು ಬೊಂಬೆ ಬಿದ್ದೋಗದೆ ನೋಡಿ, ಎತ್ಕಳಿ."

ಟೀ ಚೆನ್ನಾಗಿತ್ತು. ಷಡ್ಡಕರಿಗೆ ಗಂಟಲಲ್ಲಿ ಇಳಿಯಲಿಲ್ಲ. ದೆವ್ವಗಳೆಲ್ಲ ತಿಂಗಳ ಪಾಸು ಮಾಡಿಸಿಕೊಂಡು ಡ್ಯೂಟಿಗೆ ಹೋಗುತ್ತವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅವರ ಜಾತಕವೇ ಹಾಗೆ. ಯಾರೂ ಇಲ್ಲದ ಕಡೆ ಹೋದರೆ ಅಲ್ಲೊಬ್ಬ ಇದ್ದೇ ಇರುತ್ತಾನೆ. ಜೈಸಲ್ಮೇರ್ ಹತ್ತಿರದ ಕುಲ್ಧರಾಕ್ಕೆ ಹೋದರು. ಪಾಲಿವಾಲ ಬ್ರಾಹ್ಮಣರು ರಾತ್ರೋರಾತ್ರಿ ಬಿಟ್ಟುಹೋದ ಊರು, ಇನ್ನು ಯಾರೂ ಇಲ್ಲಿ ನೆಲೆಸದಿರಲಿ ಎಂದು ಶಾಪ ಹಾಕಿ ಹೋದರಂತೆ ಎಂಬ ಕಥೆ. ಶಾಪಗ್ರಸ್ತ ಊರಿನ ಬಾಗಿಲಲ್ಲಿ ಟಿಕೆಟ್ ಹರಿಯುವವನು ಕೂತಿದ್ದ. ಧನುಷ್ಕೋಡಿಗೆ ಹೋದರು. 1964ರ ಡಿಸೆಂಬರಿನ ಚಂಡಮಾರುತ ಪ್ರಯಾಣಿಕರ ಸಮೇತ ರೈಲನ್ನೇ ನುಂಗಿದ ಜಾಗ. ಇಗರ್ಜಿಯ ಮೊಂಡು ಗೋಡೆಗಳು ಮರಳಲ್ಲಿ ನಿಂತಿವೆ. ಅಲ್ಲೂ ಗೋಡೆಗೊರಗಿ ಶಂಖ, ಕಪ್ಪೆಚಿಪ್ಪಿನ ಅಂಗಡಿ. ಕುದುರೆಮುಖಕ್ಕೆ ಹೋದರು. 2005ರ ಕೊನೆಯ ದಿನ ಗಣಿ ನಿಂತ ಮೇಲೆ ಖಾಲಿಯಾಗುತ್ತ ಬಂದ ಟೌನ್‌ಶಿಪ್ಪು, ಜಿಟಿಜಿಟಿ ಮಳೆ, ಮಂಜಿನಲ್ಲಿ ಕ್ವಾರ್ಟರ್ಸು. ಅಲ್ಲಿ ಮಾತ್ರ ಅವರು ಬಯಸಿದ ಏಕಾಂತ ಹತ್ತು ನಿಮಿಷ ಸಿಕ್ಕಿತು. ಹನ್ನೊಂದನೆಯ ನಿಮಿಷಕ್ಕೆ ಎರಡೂ ಕಾಲಿಗೆ ಸೇರಿ ಏಳು ಇಂಬಳ ಹತ್ತಿದ್ದವು.

ಪಾಪ ಅನ್ನಿಸಿದ್ದು 2020ರಲ್ಲಿ. ಮಾರ್ಚ್ 25ರಿಂದ ಇಡೀ ದೇಶವೇ ಖಾಲಿ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಲ್ಲ, ಗಾಂಧಿ ಬಜಾರಿನಲ್ಲಿ ಹೂವಿಲ್ಲ. ಜೀವಮಾನದಲ್ಲಿ ಅವರು ಕೇಳಿಕೊಂಡದ್ದನ್ನು ದೇವರು ಒಂದೇ ಗಂಟಿಗೆ ಕೊಟ್ಟ, ಆದರೆ ಹೊರಗೆ ಕಾಲಿಡುವಂತಿಲ್ಲ. ಟಿವಿಯಲ್ಲಿ ಬಿಕೋ ಎನ್ನುವ ಎಂ.ಜಿ. ರಸ್ತೆ ತೋರಿಸಿದರೆ ಷಡ್ಡಕರು ಸೋಫಾದ ತುದಿಗೆ ಜಾರಿ, "ನೋಡು, ನೋಡು, ಬೆಳಕು ನೋಡು" ಎಂದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರಂತೆ. ಬ್ಯಾಂಕಿನವರಾದ್ದರಿಂದ ಕೆಲಸಕ್ಕೆ ಪಾಸು ಸಿಕ್ಕಿತು. ಬ್ಯಾಂಕಿನ ಮುಂದೆ ಮಾತ್ರ, ಸುಣ್ಣದ ವೃತ್ತದೊಳಗೆ ಒಬ್ಬೊಬ್ಬರಂತೆ, ಮೂಲೆಯ ತನಕ ಜನ.

ಇಷ್ಟೆಲ್ಲ ಹೇಳಿದ್ದು ಶೆಟ್ಟಿಹಳ್ಳಿಯ ವಿಷಯಕ್ಕೆ ಬರಲು. ಹಾಸನದ ಹತ್ತಿರ, ಹೇಮಾವತಿ ಹಿನ್ನೀರಿನಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು. ಗೊರೂರಿನಲ್ಲಿ ಅಣೆಕಟ್ಟೆ ಎದ್ದ ಮೇಲೆ ಸುತ್ತಲಿನ ಹಳ್ಳಿಗಳು ಎದ್ದು ಹೋದವು, ಚರ್ಚು ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮೈಯೊಣಗಿಸಿಕೊಂಡು ನಿಲ್ಲುತ್ತದೆ. ಸೂರಿಲ್ಲ, ಕಮಾನುಗಳು ಮಾತ್ರ. ಗೊರೂರು ಎಂದರೆ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರು. ಅವರ ಪುಸ್ತಕದ ಯಾವ ಪುಟ ತಿರುವಿದರೂ ನಾಲ್ಕು ಜನ ಮಾತಾಡುತ್ತ ಎದುರಾಗುತ್ತಾರೆ. ಅಂಥವರ ಸೀಮೆಗೆ ನಿರ್ಜನತೆಯನ್ನು ಹುಡುಕಿಕೊಂಡು ಹೊರಟವರು ನಮ್ಮ ಷಡ್ಡಕರೊಬ್ಬರೇ ಇರಬೇಕು ಎಂದುಕೊಂಡಿದ್ದೆ. ಹೋಗಿ ನೋಡಿದರೆ ಮದುವೆಗೆ ಮೊದಲಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಮೂರು, ಗೌನು ಎತ್ತಿ ಹಿಡಿಯುವವರು ಇಬ್ಬರು, ಡ್ರೋನು ಒಂದು, ಚುರುಮುರಿ ಗಾಡಿ ಒಂದು, ದನಗಳು ಇಪ್ಪತ್ತು. ಅವಕ್ಕೆ ನಾವೂ ಸೇರಿದೆವು: ಅತ್ತೆ, ಮಾವ, ಅಕ್ಕತಂಗಿಯರು, ಮಕ್ಕಳು ಮತ್ತು ಪುಳಿಯೋಗರೆ.

ಷಡ್ಡಕರು ಈ ಸಲ ಧೃತಿಗೆಡಲಿಲ್ಲ. ವೆಲ್ಡಿಂಗ್ ಮಾಡುವವರು ಹಿಡಿಯುವಂಥ ಒಂದು ಕಪ್ಪು ಗಾಜು ತಂದಿದ್ದರು. ಅದನ್ನು ಲೆನ್ಸಿನ ಮೂತಿಗೆ ಹಾಕಿ ಎರಡು ನಿಮಿಷ ಕ್ಯಾಮರಾದ ಕಣ್ಣು ತೆರೆದಿಟ್ಟರೆ, ಓಡಾಡುವವರು ಯಾರೂ ಫೋಟೋದಲ್ಲಿ ಮೂಡುವುದಿಲ್ಲವಂತೆ. ನಿಂತದ್ದು ಮಾತ್ರ ಉಳಿಯುತ್ತದೆ. "ಜನರನ್ನ ಓಡಿಸೋದೇ ಬೇಡ ಭಾವ. ಸುಮ್ಮನೆ ನಡೀತಾ ಇದ್ದರೆ ಸಾಕು, ಮಾಯ ಆಗ್ತಾರೆ." ನಮಗೆ ಅಪ್ಪಣೆಯಾಯಿತು. ನಾವು ಹೊಟ್ಟೆ ತುಂಬ ಉಂಡ ಮೇಲೆ, ಮಟಮಟ ಮಧ್ಯಾಹ್ನ, ಆ ಸೂರಿಲ್ಲದ ಚರ್ಚಿನಲ್ಲಿ ಗೊತ್ತುಗುರಿಯಿಲ್ಲದೆ ಅತ್ತಿಂದಿತ್ತ ತಿರುಗತೊಡಗಿದೆವು. ಮಾವನವರಿಗೆ ಮಂಡಿನೋವು, ಎರಡು ಸುತ್ತಿಗೆ ಕೂತುಬಿಟ್ಟರು. "ಮಾವ, ಕೂತರೆ ಬೀಳ್ತೀರಿ!" ಎಂದು ಇವರು ಕೂಗಿದರು. "ನಡೆದರೆ ಬೀಳ್ತೀನಿ" ಎಂದರು ಅವರು.

ಅಷ್ಟರಲ್ಲಿ ದನ ಕಾಯುತ್ತಿದ್ದ ಮುದುಕರೊಬ್ಬರು ಬಂದರು. ಟ್ರೈಪಾಡು ಕಂಡದ್ದೇ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ನಡುಗಮಾನಿನ ಕೆಳಗೆ ಕೋಲೂರಿ, ಎದೆ ಮುಂದೆ ಮಾಡಿ ನಿಂತರು. ಷಡ್ಡಕರ ವಿಜ್ಞಾನ ಸೋಲುವುದು ಇಲ್ಲಿಯೇ. ಪರದೇಶದಲ್ಲಿ ಹೇಗೋ ಕಾಣೆ, ನಮ್ಮವರು ಕ್ಯಾಮರಾ ಕಂಡರೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. "ಅಜ್ಜ, ಸ್ವಲ್ಪ ಅಲ್ಲಾಡಿ" ಎಂದರೆ, "ಅಲ್ಲಾಡಿದ್ರೆ ಫೋಟಾ ಕೆಟ್ಟೋಯ್ತದೆ, ನಂಗೊತ್ತು" ಎಂದು ತುಟಿ ಅಲುಗಿಸದೆ ಹೇಳಿದರು. ಎರಡು ನಿಮಿಷ ರೆಪ್ಪೆ ಬಡಿದರೋ ಇಲ್ಲವೋ. ಆಮೇಲೆ ನನ್ನ ಹತ್ತಿರ ಬಂದು, ತಮ್ಮ ಅಪ್ಪ ಅಮ್ಮನ ಮದುವೆ ಆದದ್ದು ಅಗೋ ಅಲ್ಲಿ, ತಮಗೆ ಹೆಸರಿಟ್ಟದ್ದು ಇಗೋ ಇಲ್ಲಿ ಎಂದು ಕೋಲಿನಿಂದ ತೋರಿಸಿದರು. ಕೋಲಿನ ತುದಿಯಲ್ಲಿ ಎಮ್ಮೆಯೊಂದು ಮಲಗಿತ್ತು. "ಫೋಟಾ ಬಂದ್ರೆ ಒಂದು ಕಾಪಿ ಕೊಡಿ" ಎಂದರು.

ಮೂರು ಸಂಜೆ ಕಂಪ್ಯೂಟರ್ ಮುಂದೆ ಕೂತು ಷಡ್ಡಕರು ಆ ಮುದುಕರನ್ನು ಅಳಿಸಿದರು. ಟವೆಲ್, ಕೋಲು, ಕೊನೆಗೆ ನೆರಳು. ಮಾವನವರನ್ನು ಅಳಿಸಲು ಅರ್ಧ ಗಂಟೆ ಸಾಕಾಯಿತಂತೆ. ನಿಜ ಹೇಳಬೇಕೆಂದರೆ ಆ ಜಾಗದಲ್ಲಿ ನಿಲ್ಲುವ ಹಕ್ಕಿದ್ದವರು ಆ ಮುದುಕರೊಬ್ಬರೇ ಅಂತ ನನಗನ್ನಿಸಿತ್ತು. ಹೇಳಲಿಲ್ಲ; ಷಡ್ಡಕ ಸಂಬಂಧ ಬಹಳ ನಾಜೂಕಿನದು.

ಫೋಟೋವನ್ನು ಮೂರು ಅಡಿ ಅಗಲಕ್ಕೆ ಹಿಗ್ಗಿಸಿ, ಕಪ್ಪು ಬಿಳುಪು ಮಾಡಿ, ಕಟ್ಟು ಹಾಕಿಸಿ, ಕೆಳಗೆ 'ನಿರ್ಜನ' ಎಂದು ಬರೆಸಿ ಹಾಲಿನಲ್ಲಿ ತೂಗುಹಾಕಿದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಎಲ್ಲರೂ ಸೇರಿದ್ದೆವು. ಒಬ್ಬೊಬ್ಬರೂ ಮುಂದೆ ನಿಂತು ನಿಟ್ಟುಸಿರು ಬಿಟ್ಟು ಸರಿದರು. ಅತ್ತೆ ಮಾತ್ರ ಸರಿಯಲಿಲ್ಲ. ಕನ್ನಡಕ ಹಣೆಗೇರಿಸಿದರು, ಇಳಿಸಿದರು, ಮೂಗು ಗಾಜಿಗೆ ತಾಗುವಷ್ಟು ಬಗ್ಗಿದರು. "ಇದೇನಿದು?"

ಎಡಗಡೆ ಕಂಬದ ಬುಡದಲ್ಲಿ, ನೆರಳಿನೊಳಗೆ, ಎರಡು ನಿಮಿಷ ಕದಲದೆ ಕೂತಿದ್ದ ಸ್ಟೀಲ್ ಡಬ್ಬಿ. ಮುಚ್ಚಳದ ಅಂಚಿನಲ್ಲಿ ನೆಗ್ಗಿದ್ದು ಸಮೇತ ಚೊಕ್ಕವಾಗಿ ಬಂದಿತ್ತು. ಅತ್ತೆಯವರ ಮದುವೆಗೆ ಅವರ ಸೋದರತ್ತೆ ಹೆಸರು ಕೆತ್ತಿಸಿ ಮುಯ್ಯಿ ಮಾಡಿದ ಡಬ್ಬಿ ಅದು. ನೀನು ಒಯ್ದೆ, ನಾನಲ್ಲ ನೀನು ಎಂದು ನನ್ನ ಹೆಂಡತಿಯೂ ನಾದಿನಿಯೂ ಎರಡು ತಿಂಗಳು ಮಾತು ಬಿಟ್ಟಿದ್ದು ಅದೇ ಡಬ್ಬಿಗೆ.

"ಹೋಗಿ ತಗೊಂಬನ್ನಿ" ಎಂದರು ಅತ್ತೆ.

"ಈಗ ಅಲ್ಲಿ ನೀರು ತುಂಬಿರುತ್ತೆ ಅತ್ತೆ."

"ಬೇಸಿಗೇಲಿ ಇಳಿಯುತ್ತೆ ಅಂದಿದ್ರಲ್ಲ? ಆಗ ಹೋಗಿ."

"ಅಷ್ಟು ದಿನ ಎಲ್ಲಿರುತ್ತೆ? ಯಾರಾದರೂ ಎತ್ಕೊಂಡು ಹೋಗಿರ್ತಾರೆ."

ಅತ್ತೆ ಫೋಟೋದ ಕೆಳಗಿನ ಅಕ್ಷರಗಳ ಮೇಲೆ ಬೆರಳಿಟ್ಟರು. "ಯಾರು ಅಳಿಯಂದಿರೇ? ಅಲ್ಲಿಗೆ ಯಾರೂ ಬರೋದೇ ಇಲ್ಲ ಅಂತ ನೀವೇ ಬರೆಸಿದೀರಲ್ಲ."