ಎಡಗಿವಿ ಪಿಂಚಣಿಗೆ, ಬಲಗಿವಿ ನೌಕರಿಗೆ

(ನಗರಗೆರೆಯ ಕಾಫಿ ಅಂಗಡಿ. ನಿವೃತ್ತ ಹವಾಲ್ದಾರರು, ಅವರ ಫೈಲು, ಒಬ್ಬ ಗುಮಾಸ್ತರು. ಯಾವ ಕಚೇರಿಯವರು ಎಂದು ಕೇಳಬೇಡಿ, ಎಲ್ಲ ಕಚೇರಿಯಲ್ಲೂ ಇವರೊಬ್ಬರಿರುತ್ತಾರೆ.)

ಹವಾಲ್ದಾರ: ಫಿರಂಗಿ ಪಕ್ಕ ನಿಂತೂ ನಿಂತೂ ಎಡಗಿವಿ ಹೋಯ್ತು ಸ್ವಾಮಿ. ಅಂಗವೈಕಲ್ಯ ಪಿಂಚಣಿ ಬಾಕಿ ಏನಾಯ್ತು?

ಗುಮಾಸ್ತ: ಫಿರಂಗಿಯಿಂದಲೇ ಅಂತ ಏನು ಗ್ಯಾರಂಟಿ? ರಜೆಗೆ ಬಂದಾಗ ಜಾತ್ರೆ ಪಟಾಕಿ ಕೇಳಿರಬಹುದು.

ಹವಾಲ್ದಾರ: ಸೇರುವಾಗ ಕಿವಿ ಸರಿಯಿದೆ ಅಂತ ಬರೆದವರು ನೀವೇ. ಆಗ ದಾಖಲಾಗದ ತೊಂದರೆ ಆಮೇಲೆ ಕಾಣಿಸಿಕೊಂಡರೆ ಸೇವೆಯಿಂದಲೇ ಅಂತ ಭಾವಿಸಬೇಕು, ಅಲ್ಲ ಅನ್ನೋದಾದರೆ ಸರ್ಕಾರವೇ ಸಾಬೀತು ಮಾಡಬೇಕು. 2013ರಲ್ಲಿ ಧರಮ್‌ವೀರ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಗುಮಾಸ್ತ: ಅದು ಅವರ ಫೈಲು. ನಿಮ್ಮದರ ದಾರದ ಬಣ್ಣವೇ ಬೇರೆ.

ಹವಾಲ್ದಾರ: ಕೋರ್ಟಿಗೆ ಹೋದರೆ ಪೂರಾ ಬಾಕಿ ಬರುತ್ತಾ?

ಗುಮಾಸ್ತ: ತಡವಾಗಿ ಹೋದರೆ ಸಾಮಾನ್ಯವಾಗಿ ಹಿಂದಿನ 3 ವರ್ಷದ್ದಷ್ಟೇ. ತರ್ಸೇಮ್ ಸಿಂಗ್ 1983ರಲ್ಲಿ ಸೈನ್ಯ ಬಿಟ್ಟು 1999ರಲ್ಲಿ ಕೋರ್ಟು ಹತ್ತಿದರು. 2008ರ ತೀರ್ಪು ಅದೇ.

ಹವಾಲ್ದಾರ: ನಾವು ತಡ ಮಾಡಿದರೆ ದುಡ್ಡು ಕಟ್. ನೀವು ತಡ ಮಾಡಿದರೆ?

ಗುಮಾಸ್ತ: ‘ಪರಿಶೀಲನೆಯಲ್ಲಿದೆ’.

ಹವಾಲ್ದಾರ: ಅಲ್ಲೀವರೆಗೆ ಹೊಟ್ಟೆಗೆ? ಗೌರಿಬಿದನೂರಿನ ಕಾರ್ಖಾನೆಯಲ್ಲಿ ಕಾವಲು ಕೆಲಸ ಇದೆಯಂತೆ. ಪೂರ್ತಿ ಆರೋಗ್ಯವಂತ ಅಂತ ಸರ್ಟಿಫಿಕೇಟ್ ಕೇಳ್ತಾರೆ.

ಗುಮಾಸ್ತ: ಸುಲಭ. ನಮಗೆ ಎಡಗಿವಿ ತೋರಿಸಿ, ಅವರಿಗೆ ಬಲಗಿವಿ. ನವೆಂಬರಿನಲ್ಲಿ ಬದುಕಿದ್ದೀನಿ ಅಂತ ಇನ್ನೊಂದು ಸರ್ಟಿಫಿಕೇಟ್ ಮರೀಬೇಡಿ.

ಹವಾಲ್ದಾರ: ಏನಂದ್ರಿ? ಕೇಳಿಸಲಿಲ್ಲ.

ಗುಮಾಸ್ತ: ಭೇಷ್! ಮೆಡಿಕಲ್ ಬೋರ್ಡ್ ಮುಂದೆ ಹೀಗೇ ಇರಿ. ಕಾರ್ಖಾನೆ ಗೇಟಲ್ಲಿ ಮಾತ್ರ ಬೇಡ.